ನಿಧಾನವಾಗಿ ಬೆಳೆಯುವ ಜಿಲ್ಲೆಗಳು: ದಾವಣಗೆರೆ–ಚಿತ್ರದುರ್ಗದ ಜನ, ದುಡಿಮೆ, ಆದಾಯದ ಲೆಕ್ಕ

2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಭಾರತದ ಜನಸಂಖ್ಯೆ ಶೇ 17.7ರಷ್ಟು ಹೆಚ್ಚಿತು, ಕರ್ನಾಟಕದ್ದು ಶೇ 15.6ರಷ್ಟು. ಅದೇ ಅವಧಿಯಲ್ಲಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಹೆಚ್ಚಿದ್ದು ಶೇ 8.6ರಷ್ಟು, ಚಿತ್ರದುರ್ಗದ್ದು ಶೇ 9.3ರಷ್ಟು. ದೇಶದ ವೇಗದ ಹೆಚ್ಚುಕಡಿಮೆ ಅರ್ಧ ವೇಗದಲ್ಲಿ ಬೆಳೆದ ಈ ಎರಡು ಜಿಲ್ಲೆಗಳ ಅಂಕಿಗಳನ್ನು ಜನಸಂಖ್ಯಾ ನಿಯಂತ್ರಣದ ಯಶಸ್ಸೆಂದು ಓದುವ ರೂಢಿಯಿದೆ. ಆ ಓದಿನಲ್ಲಿ ಸತ್ಯದ ಒಂದು ಪಾಲು ಇದೆ, ಪೂರ್ತಿ ಸತ್ಯವಿಲ್ಲ. ಜನಸಂಖ್ಯೆ, ಉದ್ಯೋಗ ಮತ್ತು ಆದಾಯ ಈ ಮೂರನ್ನೂ ಬೇರೆಬೇರೆ ಇಲಾಖೆಗಳು ಬೇರೆಬೇರೆ ವರ್ಷಗಳಲ್ಲಿ ಎಣಿಸುತ್ತವೆ, ಬೇರೆಬೇರೆ ವರದಿಗಳಲ್ಲಿ ಪ್ರಕಟಿಸುತ್ತವೆ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ನೋಡಿದಾಗ ಮಾತ್ರ ಈ ನಿಧಾನಗತಿಯ ಹಿಂದೆ ಊರು ಬಿಟ್ಟು ಹೋದವರ ದೊಡ್ಡದೊಂದು ಗುಂಪು ಇರುವುದು ಕಾಣುತ್ತದೆ.

ಮೊದಲು ಜನರ ಲೆಕ್ಕವನ್ನೇ ಬಿಡಿಸೋಣ. ಒಂದು ಪ್ರದೇಶದ ಜನಸಂಖ್ಯೆ ಬದಲಾಗುವುದು ಎರಡೇ ದಾರಿಯಲ್ಲಿ: ಹುಟ್ಟು ಮತ್ತು ಸಾವಿನ ವ್ಯತ್ಯಾಸದಿಂದ, ಅಥವಾ ಬಂದವರು ಮತ್ತು ಹೋದವರ ವ್ಯತ್ಯಾಸದಿಂದ. ಹುಟ್ಟು–ಸಾವಿನ ದರಗಳನ್ನು ಅಂದಾಜಿಸುವ ಕೇಂದ್ರದ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಕರ್ನಾಟಕದಲ್ಲಿ 2001ರಲ್ಲಿ ಸಾವಿರ ಜನರಿಗೆ 22.2 ಜನನ, 7.6 ಮರಣಗಳಿದ್ದವು, 2011ರ ಹೊತ್ತಿಗೆ ಅವು 18.8 ಮತ್ತು 7.1ಕ್ಕೆ ಇಳಿದಿದ್ದವು. ಈ ದರಗಳಲ್ಲಿ ಹತ್ತು ವರ್ಷಗಳ ಸಹಜ ಹೆಚ್ಚಳ ಶೇ 13ರ ಆಸುಪಾಸಿನಲ್ಲಿ ನಿಲ್ಲುತ್ತದೆ. 2001ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿ 17.91 ಲಕ್ಷ, ಚಿತ್ರದುರ್ಗದಲ್ಲಿ 15.18 ಲಕ್ಷ ಜನರಿದ್ದರು. ಎರಡೂ ಜಿಲ್ಲೆಗಳಲ್ಲಿ ಹುಟ್ಟು–ಸಾವುಗಳು ರಾಜ್ಯದ ಸರಾಸರಿಯಂತೆಯೇ ನಡೆದಿದ್ದರೆ, ಯಾರೂ ಊರು ಬಿಡದಿದ್ದರೆ, 2011ರಲ್ಲಿ ಎರಡೂ ಕಡೆ ಸೇರಿ ಸುಮಾರು 4.3 ಲಕ್ಷ ಜನ ಹೆಚ್ಚಾಗಿರಬೇಕಿತ್ತು. ಹೆಚ್ಚಾದದ್ದು 3 ಲಕ್ಷಕ್ಕೂ ತುಸು ಕಡಿಮೆ. ನಡುವಿನ ಅಂತರ ಸುಮಾರು 1.3 ಲಕ್ಷ.

ಇದು ಒರಟು ಲೆಕ್ಕವೆಂಬುದನ್ನು ಮರೆಯಬಾರದು. ಮಧ್ಯ ಕರ್ನಾಟಕದಲ್ಲಿ ಜನನ ಪ್ರಮಾಣ ರಾಜ್ಯದ ಸರಾಸರಿಗಿಂತ ಕೆಳಗಿದ್ದಷ್ಟೂ ಈ ಅಂತರ ಕುಗ್ಗುತ್ತದೆ. ಹಾಗೆಂದು ಅಂತರವನ್ನೆಲ್ಲ ಜನನ ಪ್ರಮಾಣದ ತಲೆಗೆ ಕಟ್ಟುವುದೂ ಸಾಧ್ಯವಿಲ್ಲ, ಏಕೆಂದರೆ ಹೋದವರು ತಲುಪಿದ ಊರು ಅದೇ ಜನಗಣತಿಯಲ್ಲಿ ಎದ್ದು ಕಾಣುತ್ತದೆ. ಬೆಂಗಳೂರು ನಗರ ಜಿಲ್ಲೆ ಆ ದಶಕದಲ್ಲಿ ಶೇ 47ರಷ್ಟು ಬೆಳೆಯಿತು. ರಾಜ್ಯದಲ್ಲಿ ಹೆಚ್ಚಾದ ಸುಮಾರು 82 ಲಕ್ಷ ಜನರಲ್ಲಿ 31 ಲಕ್ಷದಷ್ಟು ಆ ಒಂದೇ ಜಿಲ್ಲೆಯ ಪಾಲು. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯಂತೂ ಹತ್ತು ವರ್ಷಗಳಲ್ಲಿ ಹೆಚ್ಚುವ ಬದಲು ತುಸು ಇಳಿಯಿತು. ಮಲೆನಾಡಿನಿಂದ ಬಯಲುಸೀಮೆಯವರೆಗೆ ಒಂದು ಇಡೀ ಪಟ್ಟಿ ನಿಧಾನವಾಗಿ ಬೆಳೆದಿದೆ, ರಾಜಧಾನಿ ನಾಗಾಲೋಟದಲ್ಲಿ ಬೆಳೆದಿದೆ. ಇವೆರಡೂ ಒಂದೇ ಚಲನೆಯ ಎರಡು ತುದಿಗಳು.

ಜಿಲ್ಲೆಯ ಸರಾಸರಿಯೊಳಗೆ ಇನ್ನೊಂದು ಸರಾಸರಿ ಅಡಗಿದೆ. ದಾವಣಗೆರೆ ನಗರದ ಜನಸಂಖ್ಯೆ 2001ರಲ್ಲಿ ಸುಮಾರು 3.64 ಲಕ್ಷ ಇದ್ದದ್ದು 2011ರಲ್ಲಿ 4.35 ಲಕ್ಷವಾಯಿತು, ಹೆಚ್ಚಳ ಶೇ 19ಕ್ಕೂ ಮೇಲೆ, ಅಂದರೆ ದೇಶದ ಸರಾಸರಿಯನ್ನೂ ಮೀರಿದ್ದು. ನಗರವನ್ನು ಕಳೆದು ಉಳಿದ ಜಿಲ್ಲೆಯನ್ನಷ್ಟೇ ತೆಗೆದುಕೊಂಡರೆ ಬೆಳವಣಿಗೆ ಶೇ 6ರ ಒಳಗೆ ಬಂದು ನಿಲ್ಲುತ್ತದೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಹೊರಟವರೆಲ್ಲ ಬೆಂಗಳೂರಿಗೇ ಹೋಗಲಿಲ್ಲ. ಒಂದು ಪಾಲು ಜಿಲ್ಲಾಕೇಂದ್ರದಲ್ಲೇ ನಿಂತಿತು. ಚಿತ್ರದುರ್ಗಕ್ಕೆ ಹಾಗೆ ತಡೆದು ನಿಲ್ಲಿಸಿಕೊಳ್ಳುವ ದೊಡ್ಡ ನಗರವಿಲ್ಲ. 2011ರಲ್ಲಿ ದೇಶದ ಶೇ 31ರಷ್ಟು, ಕರ್ನಾಟಕದ ಶೇ 38.7ರಷ್ಟು ಜನ ನಗರ–ಪಟ್ಟಣಗಳಲ್ಲಿದ್ದರೆ, ಚಿತ್ರದುರ್ಗ ಜಿಲ್ಲೆಯಲ್ಲಿ ಆ ಪ್ರಮಾಣ ಶೇ 20ರ ಆಸುಪಾಸಿನಲ್ಲಿತ್ತು. ಮೊಳಕಾಲ್ಮುರು, ಚಳ್ಳಕೆರೆ, ಹೊಸದುರ್ಗದ ಯುವಕ ಮನೆ ಬಿಟ್ಟು ಹೊರಟನೆಂದರೆ ಅವನು ಸಾಮಾನ್ಯವಾಗಿ ಜಿಲ್ಲೆಯನ್ನೂ ಬಿಟ್ಟೇ ಹೊರಡುತ್ತಾನೆ. ರಾಷ್ಟ್ರೀಯ ಹೆದ್ದಾರಿ 48 ಆ ದಾರಿಯನ್ನು ಅವನಿಗೆ ಸುಲಭ ಮಾಡಿಕೊಟ್ಟಿದೆ; ಹಿರಿಯೂರಿನಲ್ಲಿ ಊಟ ಮಾಡಿ ಬಸ್ಸು ಹತ್ತಿದವನು ಸಂಜೆಯೊಳಗೆ ಬೆಂಗಳೂರಿನಲ್ಲಿರುತ್ತಾನೆ.

ಜನನ ಪ್ರಮಾಣದ ವಿಷಯದಲ್ಲಿ ದೇಶವೇ ಈಗ ದಕ್ಷಿಣದ ದಾರಿಗೆ ಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಮಹಿಳೆಗೆ ಹುಟ್ಟುವ ಮಕ್ಕಳ ಸರಾಸರಿ ದೇಶದಲ್ಲಿ 2.0, ಕರ್ನಾಟಕದಲ್ಲಿ 1.7. ಒಂದು ತಲೆಮಾರು ತನ್ನಷ್ಟೇ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು ಬೇಕಾದ ಮಟ್ಟ 2.1. ಮುಂದಿನ ದಿನಗಳಲ್ಲಿ ಸಹಜ ಹೆಚ್ಚಳ ಎಲ್ಲೆಡೆ ತಗ್ಗುವುದರಿಂದ, ಯಾವ ಜಿಲ್ಲೆ ಬೆಳೆಯುತ್ತದೆ, ಯಾವುದು ಕುಗ್ಗುತ್ತದೆ ಎಂಬುದನ್ನು ವಲಸೆಯೇ ನಿರ್ಧರಿಸಲಿದೆ. ಕೆಲಸ ಎಲ್ಲಿದೆಯೋ ಜನ ಅಲ್ಲಿಗೆ ಹೋಗುತ್ತಾರೆ. ಹಾಗಾಗಿ ಉಳಿದ ಪ್ರಶ್ನೆ ಉದ್ಯೋಗದ್ದು.

ಗಿರಣಿ ಮುಚ್ಚಿದ್ದು ಯಾರ ತಪ್ಪು?

ಒಂದು ಪ್ರದೇಶದ ಉದ್ಯೋಗವನ್ನು ದೇಶದ ಉದ್ಯೋಗದ ಜೊತೆ ಹೋಲಿಸಲು ಪ್ರಾದೇಶಿಕ ಅರ್ಥಶಾಸ್ತ್ರಜ್ಞರು ಬಳಸುವ ಸರಳವಾದ ಒಂದು ವಿಧಾನವಿದೆ. ಸ್ಥಳೀಯ ಬದಲಾವಣೆಯನ್ನು ಅದು ಮೂರು ಪಾಲು ಮಾಡುತ್ತದೆ. ದೇಶದ ಒಟ್ಟು ಉದ್ಯೋಗ ಬೆಳೆದ ವೇಗದಲ್ಲೇ ಇಲ್ಲಿಯೂ ಬೆಳೆದಿದ್ದರೆ ಎಷ್ಟಾಗುತ್ತಿತ್ತು ಎಂಬುದು ಮೊದಲನೆಯದು. ಇಲ್ಲಿರುವ ಉದ್ಯಮ ದೇಶದ ಉದ್ದಗಲಕ್ಕೂ ಏಳುತ್ತಿದೆಯೋ ಬೀಳುತ್ತಿದೆಯೋ ಎಂಬುದರಿಂದ ಬರುವ ವ್ಯತ್ಯಾಸ ಎರಡನೆಯದು. ಈ ಎರಡನ್ನೂ ಕಳೆದ ಮೇಲೆ ಉಳಿಯುವ, ಈ ನೆಲದ್ದೇ ಆದ ಗುಣ–ದೋಷಗಳಿಂದ ಬರುವ ಪಾಲು ಮೂರನೆಯದು.

ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಒಂದು ಊರಿನ ಗಿರಣಿಗಳಲ್ಲಿ ಸಾವಿರ ಜನ ದುಡಿಯುತ್ತಿದ್ದರು. ಒಂದು ಅವಧಿಯಲ್ಲಿ ದೇಶದ ಒಟ್ಟು ಉದ್ಯೋಗ ಶೇ 20 ಹೆಚ್ಚಿತು, ದೇಶದ ಗಿರಣಿ ಉದ್ಯೋಗ ಶೇ 5 ಇಳಿಯಿತು, ಆ ಊರಿನ ಗಿರಣಿ ಉದ್ಯೋಗ ಶೇ 40 ಕುಸಿಯಿತು. ಕಳೆದುಹೋದ 400 ಕೆಲಸಗಳ ಲೆಕ್ಕ ಹೀಗಾಗುತ್ತದೆ: ದೇಶದ ವೇಗದಿಂದ 200 ಕೆಲಸ ಹೆಚ್ಚಬೇಕಿತ್ತು, ಗಿರಣಿ ಎಂಬ ಉದ್ಯಮವೇ ಸೊರಗಿದ್ದರಿಂದ 250 ಕಡಿತ, ಊರಿನ ಸ್ವಂತ ಕಾರಣಗಳಿಂದ ಇನ್ನೂ 350 ಕಡಿತ. ದೇಶವನ್ನು ದೂರಬೇಕಾದದ್ದೆಷ್ಟು, ನಮ್ಮ ಊರನ್ನು ನಾವೇ ಪ್ರಶ್ನಿಸಿಕೊಳ್ಳಬೇಕಾದದ್ದೆಷ್ಟು ಎಂಬುದು ಹೀಗೆ ಬೇರ್ಪಡುತ್ತದೆ.

ದಾವಣಗೆರೆಯ ಇತಿಹಾಸವನ್ನು ಈ ಚೌಕಟ್ಟಿನಲ್ಲಿ ಓದುವುದು ಅಗತ್ಯ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ನಗರದ ಹತ್ತಿ ಗಿರಣಿಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಇದು ದಾವಣಗೆರೆಗಷ್ಟೇ ಬಂದ ಕಷ್ಟವಲ್ಲ. 1982ರ ಮುಂಬೈ ಗಿರಣಿ ಮುಷ್ಕರ, ವಿದ್ಯುತ್ ಮಗ್ಗಗಳ ಪೈಪೋಟಿ, 1985ರ ಜವಳಿ ನೀತಿ, ಹಳೆಯ ಯಂತ್ರಗಳು ಎಲ್ಲವೂ ಸೇರಿ ನೂಲುವುದರಿಂದ ನೇಯುವವರೆಗಿನ ಕೆಲಸವನ್ನು ಒಂದೇ ಆವರಣದಲ್ಲಿ ಮಾಡುತ್ತಿದ್ದ ದೊಡ್ಡ ಗಿರಣಿಗಳನ್ನು ದೇಶದ ತುಂಬ ಕೆಡವಿದವು. ಅಷ್ಟರಮಟ್ಟಿಗೆ ಅದು ಉದ್ಯಮದ ಹಣೆಬರಹ. ಆದರೆ ಅದೇ ಬಿರುಗಾಳಿಗೆ ಸಿಕ್ಕಿದ ಕೊಯಮತ್ತೂರು ನೂಲಿನ ಕಡೆಗೆ, ಪಂಪ್‌ಸೆಟ್ ಮತ್ತು ಯಂತ್ರಭಾಗಗಳ ಕಡೆಗೆ ಹೊರಳಿ ಉಳಿದುಕೊಂಡಿತು. ಪಕ್ಕದ ತಿರುಪ್ಪೂರು ಹೆಣೆದ ಉಡುಪಿನ ರಫ್ತಿನಲ್ಲಿ ದೇಶಕ್ಕೇ ಮುಂದಾಯಿತು. ದಾವಣಗೆರೆಯಲ್ಲಿ ಗಿರಣಿಯ ಜಾಗಕ್ಕೆ ಮತ್ತೊಂದು ಜವಳಿ ಉದ್ಯಮ ಬರಲಿಲ್ಲ. ಹರಿಹರದಲ್ಲೂ ನಡೆದದ್ದು ಇದೇ. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹೊಸ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿತು. ಅಲ್ಲಿ ಪಳಗಿದ ಕೈಗಳ ಕಸುಬನ್ನು ಆಧರಿಸಿ ಹತ್ತಾರು ಸಣ್ಣ ಕಾರ್ಖಾನೆಗಳು ಹುಟ್ಟಿಕೊಳ್ಳುವುದಕ್ಕೆ ಬೇಕಾದ ಸಾಲ, ಜಾಗ, ಮಾರುಕಟ್ಟೆ ಸಕಾಲಕ್ಕೆ ಒದಗಲಿಲ್ಲ. ಮೂರನೆಯ ಪಾಲು ಎಂದು ಮೇಲೆ ಹೇಳಿದ್ದು ಇದನ್ನೇ, ಮತ್ತು ನನಗೆ ಅತ್ಯಂತ ನೋವು ಕೊಡುವ ಪಾಲೂ ಇದೇ. ಉದ್ಯಮ ಬೀಳುವುದನ್ನು ಒಂದು ಊರು ತಡೆಯಲಾರದು. ಆ ಉದ್ಯಮ ಕಲಿಸಿದ ಕೆಲಸ ಒಂದೇ ತಲೆಮಾರಿನಲ್ಲಿ ಅಳಿದುಹೋಗದಂತೆ ನೋಡಿಕೊಳ್ಳಬಹುದಿತ್ತು.

ಹಾಗೆಂದು ದಾವಣಗೆರೆ ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜು, 2009ರ ದಾವಣಗೆರೆ ವಿಶ್ವವಿದ್ಯಾಲಯ ಹೀಗೆ ಸಾಗಿ ಊರಿನ ಬಂಡವಾಳ ಮತ್ತು ಹೆಸರು ಶಿಕ್ಷಣ–ಆಸ್ಪತ್ರೆಗಳ ಕಡೆಗೆ ಹೊರಳಿತು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು. ನಗರದ ಜನಸಂಖ್ಯೆ ದೇಶದ ಸರಾಸರಿಯನ್ನು ಮೀರಿ ಬೆಳೆದದ್ದಕ್ಕೆ ಈ ಸೇವಾ ವಲಯದ ಕೊಡುಗೆ ದೊಡ್ಡದು. ಆದರೆ ಕಾಲೇಜು ಮತ್ತು ಆಸ್ಪತ್ರೆಗಳು ಎಸ್ಸೆಸ್ಸೆಲ್ಸಿ ಓದಿದವನಿಗೆ ಗಿರಣಿ ಕೊಡುತ್ತಿದ್ದಂಥ, ಭವಿಷ್ಯನಿಧಿಯೂ ಬೋನಸ್ಸೂ ಇದ್ದ ಕೆಲಸವನ್ನು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕೊಡಲಾರವು. ಇನ್ನೊಂದು ವೈಪರೀತ್ಯವೂ ಇದೆ: ಇಲ್ಲಿ ಎಂಜಿನಿಯರಿಂಗ್ ಮುಗಿಸಿದವನಿಗೆ ಕೆಲಸ ಸಿಗುವುದು ಬೆಂಗಳೂರಿನಲ್ಲಿ. ನಾವು ಕಟ್ಟಿದ ಕಾಲೇಜು ಹೊರವಲಸೆಯ ಹೆಬ್ಬಾಗಿಲೂ ಆಗಿದೆ.

ಉದ್ಯೋಗ ಹೆಚ್ಚಿತು ಎಂದರೆ ಏನು ಹೆಚ್ಚಿತು

ದೇಶದ ಮಟ್ಟದ ಉದ್ಯೋಗದ ಅಂಕಿಗಳು ಮೇಲ್ನೋಟಕ್ಕೆ ಸಮಾಧಾನ ತರುವಂತಿವೆ. ಕೇಂದ್ರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ಮೇಲ್ಪಟ್ಟವರ ನಿರುದ್ಯೋಗ ಪ್ರಮಾಣ 2017–18ರಲ್ಲಿ ಶೇ 6ರಷ್ಟಿದ್ದದ್ದು 2023–24ರಲ್ಲಿ ಶೇ 3.2ಕ್ಕೆ ಇಳಿದಿದೆ. ಹಳ್ಳಿಗಳ ಮಹಿಳೆಯರಲ್ಲಿ ದುಡಿಮೆಯಲ್ಲಿ ತೊಡಗಿದವರ ಮತ್ತು ಕೆಲಸ ಹುಡುಕುತ್ತಿರುವವರ ಪ್ರಮಾಣ ಶೇ 24.6ರಿಂದ ಶೇ 47.6ಕ್ಕೆ ಏರಿದೆ. ಅದೇ ಸಮೀಕ್ಷೆಯ ಇನ್ನೊಂದು ಪುಟ ಬೇರೆ ಮಾತು ಹೇಳುತ್ತದೆ. ದುಡಿಯುವವರಲ್ಲಿ ಸ್ವಂತ ಉದ್ಯೋಗದವರ ಪಾಲು ಶೇ 52.2ರಿಂದ ಶೇ 58.4ಕ್ಕೆ ಏರಿದೆ, ತಿಂಗಳ ಸಂಬಳದವರ ಪಾಲು ಶೇ 22.8ರಿಂದ ಶೇ 21.7ಕ್ಕೆ ಇಳಿದಿದೆ. 2023–24ರಲ್ಲಿ ದುಡಿಯುವವರ ಪೈಕಿ ಶೇ 19.4ರಷ್ಟು ಜನ ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ನೆರವಾಗುವವರು. ಕೃಷಿಯ ಪಾಲು ಕೂಡ ಮತ್ತೆ ಶೇ 46ಕ್ಕೆ ಏರಿದೆ. ಒಂದು ದೇಶ ಬೆಳೆಯುತ್ತ ಹೋದಂತೆ ಜನ ಹೊಲದಿಂದ ಕಾರ್ಖಾನೆಗೆ, ಅಂಗಡಿಗೆ, ಕಚೇರಿಗೆ ಸಾಗಬೇಕು ಎಂಬುದು ಸಾಮಾನ್ಯ ನಿರೀಕ್ಷೆ. ಇಲ್ಲಿ ಒಂದಷ್ಟು ಜನ ಹೊಲಕ್ಕೇ ಹಿಂದಿರುಗಿದ್ದಾರೆ.

ಈ ಅಂಕಿಗಳ ಅರ್ಥ ತಿಳಿಯಬೇಕಾದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಒಳಗೆ ನಿಂತು ನೋಡಬೇಕು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿಯುವ ಈ ಕೆಲಸದಲ್ಲಿ ಬೆಳಗಿನ ಜಾವದಿಂದಲೇ ಮನೆಮಂದಿಯೆಲ್ಲ ತೊಡಗಿರುತ್ತಾರೆ. ಗಂಡ ಒಲೆಯ ಮುಂದೆ ಬಾಂಡಲಿಯೊಂದಿಗೆ ಬೆಂಕಿಯ ಝಳ ತಿನ್ನುತ್ತಿದ್ದರೆ ಹೆಂಡತಿ ಅಕ್ಕಿ ಒಣಗಿಸುತ್ತಾಳೆ, ಬೆಳೆದ ಮಗಳು ಜರಡಿ ಹಿಡಿದು ಮರಳು ಬೇರ್ಪಡಿಸಿ ಚೀಲ ತುಂಬುತ್ತಾಳೆ. ಚೀಲದ ಲೆಕ್ಕದಲ್ಲಿ ಸಿಗುವ ಹಣ ಒಂದೇ ಕೈಗೆ ಬರುತ್ತದೆ. ಸಮೀಕ್ಷೆಯವರು ಬಂದು ಕೇಳಿದರೆ ಆ ಮನೆಯಲ್ಲಿ ಮೂವರು ಉದ್ಯೋಗಿಗಳಿದ್ದಾರೆ, ನಿರುದ್ಯೋಗಿಗಳು ಯಾರೂ ಇಲ್ಲ. ಲೆಕ್ಕ ತಪ್ಪಲ್ಲ, ಆ ತಾಯಿ–ಮಗಳ ದುಡಿಮೆ ಕಡೆಗೂ ದುಡಿಮೆಯೆಂದು ದಾಖಲಾಗುತ್ತಿರುವುದು ಒಳ್ಳೆಯದೇ. ಆದರೆ ಅದನ್ನು ಉದ್ಯೋಗ ಸೃಷ್ಟಿ ಎಂದು ಘೋಷಿಸುವವರು ಆ ಮಗಳಿಗೆ ಬೇರೆ ಯಾವ ಕೆಲಸದ ಆಯ್ಕೆ ಇತ್ತು ಎಂದು ಒಮ್ಮೆ ಕೇಳಬೇಕು.

ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರನ ಸ್ಥಿತಿ ಇನ್ನೊಂದು ಬಗೆಯದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದು ಒಂದು. ಎಣ್ಣೆ ಗಿರಣಿಗಳಿಂದ ಹೆಸರಾಗಿದ್ದ ಪಟ್ಟಣದಲ್ಲಿ ಆ ಗಿರಣಿಗಳೂ ಸೊರಗಿವೆ, ಹೊಲದಲ್ಲಿ ಬಿತ್ತನೆಯ ದಿನಗಳನ್ನು ಮಳೆ ನಿರ್ಧರಿಸುತ್ತದೆ. ವರ್ಷದ ಕೆಲವು ತಿಂಗಳು ಹೊಲ, ಉಳಿದ ತಿಂಗಳು ಬೆಂಗಳೂರಿನ ಕಟ್ಟಡ ಕೆಲಸವೋ ಕಾಫಿ ಸೀಮೆಯ ತೋಟದ ಕೂಲಿಯೋ. ಗುಳೆ ಹೋದ ಈ ತಿಂಗಳುಗಳು ಯಾವ ಜಿಲ್ಲೆಯ ಉದ್ಯೋಗದ ಲೆಕ್ಕಕ್ಕೆ ಸೇರಬೇಕು ಎಂಬುದಕ್ಕೆ ನಮ್ಮ ಸಮೀಕ್ಷೆಗಳಲ್ಲಿ ಸಲೀಸಾದ ಉತ್ತರವಿಲ್ಲ. 2025ರ ಜನವರಿಯಿಂದ ಕಾರ್ಮಿಕ ಬಲ ಸಮೀಕ್ಷೆಯ ಮಾದರಿ ಆಯ್ಕೆಯಲ್ಲಿ ಜಿಲ್ಲೆಯನ್ನೇ ಮೂಲ ಘಟಕವಾಗಿ ತೆಗೆದುಕೊಳ್ಳಲಾಗುತ್ತಿದೆ. ಇದು ಬಹುಕಾಲದ ಕೊರತೆಯನ್ನು ತುಂಬುವ ಹೆಜ್ಜೆ, ಆದರೆ ಜಿಲ್ಲೆಯೊಳಗಿನ ಭೇದ ಅದರಲ್ಲೂ ಕಾಣದು.

ಆ ಭೇದವನ್ನು ಹೆಚ್ಚಿಸುತ್ತಿರುವುದು ನೀರು. ಭದ್ರಾ ನಾಲೆ ಹರಿಯುವ ದಾವಣಗೆರೆ, ಹರಿಹರ, ಚನ್ನಗಿರಿ, ಹೊನ್ನಾಳಿಯ ಹಳ್ಳಿಗಳಲ್ಲಿ ಭತ್ತವೂ ಅಡಿಕೆಯೂ ಮನೆ ಕಟ್ಟಿಸಿವೆ, ಮಕ್ಕಳನ್ನು ಓದಿಸಿವೆ. ನಾಲೆಯಿಲ್ಲದ ಜಗಳೂರಿನಲ್ಲಿ ಮಳೆಯಾಶ್ರಿತ ಮೆಕ್ಕೆಜೋಳವೇ ಗತಿ. ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿಯ ಎತ್ತರದ ಭಾಗಗಳಲ್ಲಿ ಕೊಳವೆಬಾವಿ ನಂಬಿ ಅಡಿಕೆ ಹಾಕಿದವರು 2023ರಂಥ ಬರದ ವರ್ಷ ಬಂದಾಗ ಟ್ಯಾಂಕರಿನಲ್ಲಿ ನೀರು ತರಿಸಿ ಗಿಡ ಉಳಿಸಿಕೊಳ್ಳಲು ಸಾಲ ಮಾಡುತ್ತಾರೆ. ಮೆಕ್ಕೆಜೋಳದವನದು ದರದ ಸಂಕಟ. 2025–26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. 2025ರ ನವೆಂಬರಿನಲ್ಲಿ ಮಾರುಕಟ್ಟೆಗೆ ಮಾಲು ಬಂದಾಗ ದರ ಅದಕ್ಕಿಂತ ಬಹಳ ಕೆಳಗಿತ್ತು. ಎಪಿಎಂಸಿ ಅಂಗಳದಲ್ಲಿ ರಾಶಿ ಹಾಕಿ, ತೇವಾಂಶದ ನೆಪದಲ್ಲಿ ಇನ್ನಷ್ಟು ದರ ಮುರಿಸಿಕೊಂಡು, ಗೊಬ್ಬರದಂಗಡಿಯ ಬಾಕಿ ತೀರಿಸಿ ಮನೆಗೆ ಹೋಗುವ ರೈತನ ಮಗ ಮುಂದಿನ ವರ್ಷ ಹೊಲದಲ್ಲಿ ಇರುವುದಿಲ್ಲ.

ತಲಾ ಆದಾಯ ಎಂಬ ಭಾಗಾಕಾರ

ಆದಾಯದ ವಿಷಯಕ್ಕೆ ಬಂದರೆ ಕರ್ನಾಟಕ ದೇಶಕ್ಕಿಂತ ಬಹಳ ಮುಂದಿದೆ. 2023–24ರಲ್ಲಿ ದೇಶದ ತಲಾ ಆದಾಯ ಅಂದಿನ ಬೆಲೆಗಳಲ್ಲಿ ಸುಮಾರು 1.84 ಲಕ್ಷ ರೂಪಾಯಿ. ರಾಜ್ಯದ್ದು ಸುಮಾರು 3.3 ಲಕ್ಷ. ಆದರೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದೇ. 2011ರ ಜನಗಣತಿಯಂತೆ ರಾಜ್ಯದ ಜನರಲ್ಲಿ ಆ ಜಿಲ್ಲೆಯವರು ಆರರಲ್ಲಿ ಒಬ್ಬರು. ಬೆಂಗಳೂರನ್ನು ಕಳೆದು ಉಳಿದ ಕರ್ನಾಟಕದ ಸರಾಸರಿ ತೆಗೆದರೆ ಅದು ರಾಜ್ಯದ ಸರಾಸರಿಯ ನೂರಕ್ಕೆ ಎಪ್ಪತ್ತೈದು–ಎಂಬತ್ತರಷ್ಟಕ್ಕೆ ಇಳಿಯುತ್ತದೆ. ಆ ಉಳಿದ ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿಯಂಥ ಸಿರಿವಂತ ಜಿಲ್ಲೆಗಳೂ ಇವೆ. ದಾವಣಗೆರೆ, ಚಿತ್ರದುರ್ಗಗಳು ಅವುಗಳಿಗಿಂತ ಕೆಳಗಿನ ಮೆಟ್ಟಿಲಲ್ಲಿವೆ. ‘ರಾಜ್ಯ ದೇಶವನ್ನು ಮೀರಿಸಿದೆ’ ಎಂಬ ಮಾತು ಮಧ್ಯ ಕರ್ನಾಟಕದವರ ಅನುಭವಕ್ಕೆ ತಾಳೆಯಾಗದಿರುವುದು ಇದರಿಂದ.

ತಲಾ ಆದಾಯ ಒಂದು ಭಾಗಾಕಾರ. ಮೇಲಿನ ಅಂಕಿ ಬೆಳೆದರೂ ಅದು ಏರುತ್ತದೆ, ಕೆಳಗಿನ ಅಂಕಿ ಬೆಳೆಯದಿದ್ದರೂ ಏರುತ್ತದೆ. ಯಾವುದಾದರೂ ಎರಡು ಜಿಲ್ಲೆಗಳಲ್ಲಿ ಒಟ್ಟು ಉತ್ಪನ್ನ ವರ್ಷಕ್ಕೆ ಶೇ 6ರಂತೆ ಬೆಳೆಯಿತೆಂದು ಇಟ್ಟುಕೊಳ್ಳಿ. ಜನಸಂಖ್ಯೆ ವರ್ಷಕ್ಕೆ ಶೇ 1.6 ಹೆಚ್ಚುವ ಕಡೆ ತಲಾ ಏರಿಕೆ ಶೇ 4.3, ಶೇ 0.8 ಹೆಚ್ಚುವ ಕಡೆ ಶೇ 5.2. ಎರಡನೆಯ ಜಿಲ್ಲೆ ಮುಂದೆ ಹೋದಂತೆ ಕಾಣುತ್ತದೆ. ಅಲ್ಲಿ ನಡೆದದ್ದು ಇಷ್ಟೇ, ಊಟಕ್ಕೆ ಕೂರುವವರು ಕಡಿಮೆಯಾದರು. ಹೊರವಲಸೆಯ ಜಿಲ್ಲೆಗಳ ತಲಾ ಆದಾಯದ ಬೆಳವಣಿಗೆಯನ್ನು ಪ್ರಶಂಸಿಸುವ ಮುನ್ನ ಒಟ್ಟು ಉತ್ಪನ್ನದ ಬೆಳವಣಿಗೆಯನ್ನು ಪ್ರತ್ಯೇಕವಾಗಿ ನೋಡಬೇಕೆನ್ನುವುದು ಇದಕ್ಕಾಗಿ.

ಇದಕ್ಕಿಂತ ಆಳದ ತೊಡಕು ಬೇರೊಂದಿದೆ. ಜಿಲ್ಲಾ ಉತ್ಪನ್ನದ ಲೆಕ್ಕ ಸರಕು–ಸೇವೆ ಎಲ್ಲಿ ಉತ್ಪಾದನೆಯಾಯಿತು ಎಂಬುದನ್ನು ಹಿಡಿಯುತ್ತದೆ. ಹಣ ಯಾರ ಮನೆ ಸೇರಿತು ಎಂಬುದನ್ನಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿ. ಅವು ಉತ್ಪಾದಿಸುವ ವಿದ್ಯುತ್ತಿನ ಮೌಲ್ಯ ಈ ಜಿಲ್ಲೆಯ ಖಾತೆಗೆ ಬೀಳುತ್ತದೆ, ಲಾಭ ಹೊರಗಿನ ಹೂಡಿಕೆದಾರರಿಗೆ ಹೋಗುತ್ತದೆ, ಊರಿನವರಿಗೆ ಉಳಿಯುವುದು ಕಾವಲುಗಾರನ ಕೆಲಸ ಮತ್ತು ಜಮೀನು ಕೊಟ್ಟವರಿಗೆ ಸಿಕ್ಕ ಹಣ. ಗಣಿ ಅದಿರಿನದೂ ಹೆಚ್ಚುಕಡಿಮೆ ಇದೇ ಕಥೆ. ಇದರ ತಿರುಗುಮುರುಗು ಕೂಡ ಸತ್ಯ: ಬೆಂಗಳೂರಿನಲ್ಲಿ ದುಡಿಯುವ ಮೊಳಕಾಲ್ಮುರಿನ ಹುಡುಗ ತಿಂಗಳಿಗೊಮ್ಮೆ ಫೋನ್‌ಪೇಯಲ್ಲಿ ತಾಯಿಗೆ ಕಳಿಸುವ ಹಣ ಚಿತ್ರದುರ್ಗದ ಉತ್ಪನ್ನದಲ್ಲಿ ಎಲ್ಲೂ ಇಲ್ಲ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯಡಿ ಮನೆಯೊಡತಿಯ ಖಾತೆಗೆ ಬರುತ್ತಿರುವ 2,000 ರೂಪಾಯಿ ಕೂಡ ಉತ್ಪನ್ನವಲ್ಲ, ವರ್ಗಾವಣೆ. ಆದರೆ ಆ ತಾಯಿಯ ಅಡುಗೆಮನೆ ನಡೆಯುವುದು ಈ ಎರಡರಿಂದಲೇ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಉದಾಹರಣೆಯಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವುದು ಬೇರೊಂದಿಲ್ಲ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯಲ್ಲಿ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಜಾಗ ಕೊಡಲಾಯಿತು. ದೇಶಕ್ಕೆ ಇವು ಬೇಕಾದ ಸಂಸ್ಥೆಗಳು, ಅದರಲ್ಲಿ ಎರಡು ಮಾತಿಲ್ಲ. ವಿಜ್ಞಾನಿಗಳ ಸಂಬಳ, ಪ್ರಯೋಗಾಲಯಗಳ ವೆಚ್ಚ ಎಲ್ಲ ಜಿಲ್ಲೆಯ ಉತ್ಪನ್ನದಲ್ಲಿ ಕೂಡಿಕೊಂಡು ಸರಾಸರಿಯನ್ನು ಎತ್ತುತ್ತವೆ. ಅದೇ ಕಾವಲಿನಲ್ಲಿ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು ಬದುಕುತ್ತಿದ್ದ ಮನೆಗಳಿಗೆ ಹುಲ್ಲುಗಾವಲು ಬೇಲಿಯಾಚೆ ಹೋಯಿತು. ಸಂಸ್ಥೆಗಳ ಕಾಯಂ ಹುದ್ದೆಗಳಿಗೆ ದೇಶದ ಎಲ್ಲೆಡೆಯಿಂದ ಪರೀಕ್ಷೆ ಬರೆದು ಬರುತ್ತಾರೆ. ಸುತ್ತಲಿನ ಹಳ್ಳಿಯವರ ಪಾಲಿಗೆ ಬರುವುದು ಹೆಚ್ಚಾಗಿ ಗುತ್ತಿಗೆಯ ಭದ್ರತೆ, ಸ್ವಚ್ಛತೆ, ತೋಟದ ಕೆಲಸ. ಕಾವಲು ಹುಲ್ಲುಗಾವಲಾಗಿದ್ದಾಗ ಅದು ಕೊಡುತ್ತಿದ್ದ ಮೇವಿಗೆ ಲೆಕ್ಕದ ಪುಸ್ತಕದಲ್ಲಿ ಬೆಲೆಯೇ ಇರಲಿಲ್ಲ. ಹಾಗಾಗಿ ಅದು ಹೋದಾಗ ನಷ್ಟವೂ ದಾಖಲಾಗಲಿಲ್ಲ.

ಹಳೆಯ ಪಟ್ಟಿ, ಹೊಸ ಗಣತಿ

ಪ್ರಾದೇಶಿಕ ಅಸಮತೋಲನವನ್ನು ಕರ್ನಾಟಕ ಗಂಭೀರವಾಗಿ ಅಳೆದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಮೂಲಕ. 2002ರ ಆ ವರದಿಯ ದೊಡ್ಡ ಗುಣವೆಂದರೆ ಅದು ಜಿಲ್ಲೆಯ ಬದಲು ತಾಲ್ಲೂಕನ್ನು ಹಿಡಿದದ್ದು: ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ಗುರುತಿಸಿತು. ಹಿಂದುಳಿಯುವಿಕೆ ಕಲ್ಯಾಣ ಕರ್ನಾಟಕಕ್ಕಷ್ಟೇ ಸೀಮಿತವಲ್ಲ, ದಕ್ಷಿಣದ ಬಯಲಿನಲ್ಲೂ ಇದೆ ಎಂಬುದು ಆಗಲೇ ಸ್ಪಷ್ಟವಾಗಿತ್ತು. ಆದರೆ ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯ ಸಿಕ್ಕಿದ್ದು ಕಲ್ಯಾಣ ಕರ್ನಾಟಕಕ್ಕೆ ಮಾತ್ರ. ಆ ಸೌಲಭ್ಯಕ್ಕಾಗಿಯೇ ಹರಪನಹಳ್ಳಿ 2018ರಲ್ಲಿ ದಾವಣಗೆರೆಯನ್ನು ಬಿಟ್ಟು ಬಳ್ಳಾರಿಗೆ ಸೇರಿತು, ಬಳಿಕ ವಿಜಯನಗರ ಜಿಲ್ಲೆಯ ಭಾಗವಾಯಿತು. ಪಕ್ಕದ ಜಗಳೂರು ಅದೇ ಮಣ್ಣು, ಅದೇ ಮಳೆ, ಅದೇ ಬಡತನದೊಂದಿಗೆ ಗಡಿಯ ಈಚೆ ಉಳಿಯಿತು. 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ರಾಜ್ಯ ಮತ್ತೊಂದು ಸಮಿತಿ ರಚಿಸಿದ್ದು ಈ ಹಳೆಯ ಅಳತೆಗಳನ್ನು ಪರಿಷ್ಕರಿಸುವುದಕ್ಕಾಗಿ.

ನೀರು ಮತ್ತು ರೈಲು ಎಂಬ ಎರಡು ದೊಡ್ಡ ಯೋಜನೆಗಳು ಈ ಸೀಮೆಯ ಪಾಲಿಗೆ ದಶಕಗಳಿಂದ ಬರುತ್ತಲೇ ಇವೆ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆಯ 2.25 ಲಕ್ಷ ಹೆಕ್ಟೇರಿಗೆ ನೀರು ಕೊಡಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಆ ಹಣಕ್ಕಾಗಿ ರೈತ ಸಂಘಟನೆಗಳು ಬೀದಿಗಿಳಿಯಬೇಕಾಯಿತು. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯೂ ಇದೆ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕು ದಶಕವೇ ದಾಟಿದೆ. 1933ರ ಬಳಿಕ 2022ರಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದಾಗ ಹಿರಿಯೂರಿನವರು ಬಾಗಿನ ಅರ್ಪಿಸಲು ಸಾಲುಗಟ್ಟಿದ್ದು ಬರೀ ಸಂಭ್ರಮಕ್ಕಲ್ಲ. ಅಣೆಕಟ್ಟು ತುಂಬಿದ ವರ್ಷ ಅಂತರ್ಜಲ ಏರುತ್ತದೆ, ತೋಟದ ಕೂಲಿ ಸಿಗುತ್ತದೆ, ಗುಳೆ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಗೊತ್ತು. ನೀರಾವರಿಗೆ ಆಗುವ ವೆಚ್ಚವನ್ನು ಎಕರೆಯ ಇಳುವರಿಯಲ್ಲಷ್ಟೇ ಅಳೆಯುವ ಬದಲು ಊರಲ್ಲೇ ಉಳಿದ ಯುವಕರ ಲೆಕ್ಕದಲ್ಲೂ ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯದೆ, ಈ ಲೇಖನವೂ ಸೇರಿದಂತೆ ಎಲ್ಲ ಹೋಲಿಕೆಗಳೂ 2011ರ ಅಂಕಿಗಳ ಮೇಲೆಯೇ ನಿಂತಿವೆ. ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅದರ ಫಲಿತಾಂಶ ಬಂದ ಕೂಡಲೇ ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಕುಸಿದಿದೆ ಎಂಬ ತಲೆಬರಹ ಬರುವ ಅಪಾಯವಿದೆ, ಏಕೆಂದರೆ 2011ರ 19.45 ಲಕ್ಷದಲ್ಲಿ ಹರಪನಹಳ್ಳಿಯ ಸುಮಾರು 3 ಲಕ್ಷ ಜನರೂ ಸೇರಿದ್ದರು. ಹರಪನಹಳ್ಳಿಯನ್ನು ಎರಡೂ ಕಡೆಯಿಂದ ಕಳೆದೇ ಹೋಲಿಸಬೇಕು. ಕೊನೆಯದಾಗಿ ವಾಸವಿದ್ದ ಊರು ಯಾವುದು, ಅದನ್ನು ಬಿಟ್ಟದ್ದೇಕೆ ಎಂದು ಜನಗಣತಿ ಕೇಳುತ್ತದೆ; ಆ ಉತ್ತರಗಳ ಕೋಷ್ಟಕಗಳು ಕಳೆದ ಬಾರಿ ಹೊರಬರಲು ವರ್ಷಗಳೇ ಹಿಡಿದವು. ಈ ಸಲ ಅವು ಬೇಗ ಬಂದರೆ, ಮೊದಲು ತೆರೆಯಬೇಕಾದದ್ದು ಜಗಳೂರು, ಮೊಳಕಾಲ್ಮುರು, ಹೊಸದುರ್ಗ ತಾಲ್ಲೂಕುಗಳ ಗ್ರಾಮೀಣ ಭಾಗದ ಪುಟಗಳನ್ನು. 2011ರಲ್ಲಿ ಐದರಿಂದ ಹದಿನೈದು ವರ್ಷದೊಳಗಿದ್ದ ಮಕ್ಕಳು 2027ರಲ್ಲಿ ಇಪ್ಪತ್ತೊಂದರಿಂದ ಮೂವತ್ತೊಂದರ ವಯಸ್ಸಿನವರಾಗಿರುತ್ತಾರೆ. ಅವರಲ್ಲಿ ಎಷ್ಟು ಜನ ಅದೇ ತಾಲ್ಲೂಕಿನಲ್ಲಿ ಎಣಿಕೆಗೆ ಸಿಕ್ಕಿದ್ದಾರೆ ಎಂಬುದನ್ನು ರಾಜ್ಯದ ಸರಾಸರಿಯ ಪಕ್ಕದಲ್ಲಿಟ್ಟು ನೋಡಿದರೆ, ಹದಿನಾರು ವರ್ಷಗಳಲ್ಲಿ ಈ ಸೀಮೆ ಎಷ್ಟು ಯುವಜನರನ್ನು ಹೊರಗೆ ಕಳಿಸಿತು ಎಂಬುದು ತಾಲ್ಲೂಕುವಾರು ತಿಳಿಯುತ್ತದೆ.